ಬೀಗತಿಯ ಮನೆಯ ವೈರು

ಮೂಡಲಗಿಯ ಉದ್ದವ್ವ ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ. ಆದರೆ ಇನ್ನೊಬ್ಬರಿಗೆ ಒಳ್ಳೆಯದಾದರೆ ಅಂದು ಉಂಡದ್ದು ಅವಳಿಗೆ ಅರಗುತ್ತಿರಲಿಲ್ಲ. ಗಂಡ ತೀರಿದ ಮೇಲೆ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು, ಒಬ್ಬಳೇ ಮಗಳು ಪೂನಮ್‌ಳನ್ನು ಓದಿಸಿ ಮದುವೆ ಮಾಡಿದ ಗಟ್ಟಿಗಿತ್ತಿ. ಬಾಜೂ ಮನೆಯವಳ ರೊಟ್ಟಿ ಇನ್ನೂ ತೆಳ್ಳಗಿರುತ್ತವೆ ಎಂದು ಯಾರೋ ಅಂದದ್ದಕ್ಕೆ ಅವಳೊಂದಿಗೆ ಮಾತು ಬಿಟ್ಟವಳು. ಓಣಿಯವರು ಈ ಸ್ವಭಾವ ಬಲ್ಲವರಾಗಿ, ಹೊಸ ಸೀರೆ ಉಟ್ಟರೆ ಅವಳ ಮನೆ ಮುಂದಿನ ದಾರಿ ಬಿಟ್ಟು ಹೋಗುತ್ತಿದ್ದರು.

ಆದರೆ ಅವಳನ್ನು ನಿಜವಾಗಿ ಸುಟ್ಟದ್ದು ಮೊಮ್ಮಗಳ ವಿಷಯ. ಅಳಿಯನಿಗೆ ಸೊಲ್ಲಾಪುರದ ಬ್ಯಾಂಕಿನಲ್ಲಿ ನೌಕರಿ. ಅಲ್ಲಿಂದ ನಾಲ್ಕು ವರ್ಷದ ಆಮ್ರಪಾಲಿ ಸಂಜೆಯಾದರೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಮಾಡುತ್ತಿದ್ದುದು ಮೂಡಲಗಿಗಲ್ಲ, ಗೋಕಾಕಕ್ಕೆ, ಅಪ್ಪನ ತಾಯಿ ಹನಮವ್ವನಿಗೆ.

"ನನಗ್ಯಾಕ ಹಚ್ಚಂಗಿಲ್ಲ ಆಕಿ?" ಎಂದು ಉದ್ದವ್ವ ಮಗಳನ್ನು ಕೇಳಿದಳು.

"ನಿನ್ನ ಫೋನಿನ್ಯಾಗ ಚಿತ್ರ ನಿಂತಬಿಡತೈತೆವ್ವಾ. ನೀ ಬಾಯಿ ತೆರದದ್ದು ತೆರದಂಗ ಇರತೈತಿ, ಹುಡುಗಿ ಅಂಜತೈತಿ. ಅತ್ತಿಯವರು ಹೊಸಾ ವೈರ್ ಹಾಕಿಸ್ಯಾರ. ಟಿವಿ, ನೆಟ್ಟು, ಫೋನು ಎಲ್ಲಾ ಒಂದರಾಗ ಬರತೈತಿ."

ಮರುದಿನವೇ ಉದ್ದವ್ವ ಸಂತೆಯ ನೆಪ ಮಾಡಿಕೊಂಡು ಗೋಕಾಕದ ಬಸ್ಸು ಹತ್ತಿದಳು. ಬೀಗತಿಯ ಮನೆಯ ಗೋಡೆಯ ಮೇಲೆ ಟಿವಿ, ಅದರೊಳಗೆ ಮೊರದಷ್ಟು ಅಗಲವಾಗಿ ಆಮ್ರಪಾಲಿಯ ಮುಖ. ಮಗು ಅಲ್ಲಿಂದ ಮುತ್ತು ಕೊಟ್ಟರೆ ಹನಮವ್ವ ಇಲ್ಲಿ ಕೆನ್ನೆ ಒಡ್ಡುತ್ತಿದ್ದಳು. "ಮೂಡಲಗಿ ಆಯಿನೂ ಬಂದಾಳ," ಎಂದು ಮಗು ಒಮ್ಮೆ ಅಂದು ಮತ್ತೆ ಗೋಕಾಕದ ಅಜ್ಜಿಯೊಂದಿಗೆ ಆಟಕ್ಕೆ ಬಿದ್ದಿತು. ಹನಮವ್ವ ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಉದ್ದವ್ವ ಎದ್ದಳು.

ತಿರುಗಿ ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಅಂಥದೇ ವೈರಿನ ಅಂಗಡಿ ಕಂಡು ಒಳಹೊಕ್ಕಳು. ಕೌಂಟರಿನ ಹುಡುಗಿ ಒಂದೊಂದೇ ಬಿಡಿಸಿ ಹೇಳಿದಳು. "ಇದ್ರಾಗ ಟಿವಿ, ನೆಟ್ಟು ಅಷ್ಟರಿ. ಇದ್ರಾಗ ಫೋನೂ ಬರತೈತಿ. ಇನ್ನೊಂದ್ರಾಗ ಸಿನಿಮಾ ಆ್ಯಪ್ ಫ್ರೀ, ಆದ್ರ ಕನ್ನಡ ಚಾನೆಲ್ ಕಡಿಮಿ."

ಊರಿಗೆ ಬಂದು, ಬಹಳ ವರ್ಷಗಳಿಂದ ತನ್ನ ಮನೆಗೆ ಕೇಬಲ್ ಕೊಡುತ್ತಿದ್ದ ಮಲ್ಲೇಶನನ್ನು ಕರೆಸಿ ಅದನ್ನೆಲ್ಲ ಒಪ್ಪಿಸಿದಳು.

"ಆ ಕಂಪನಿಯವರು ಮೊದಲ ಅಗ್ಗ ಹೇಳತಾರ, ಆರು ತಿಂಗಳಾದ ಮ್ಯಾಲ ಏರಸ್ತಾರ. ಮಳ್ಯಾಗ ವೈರ್ ಹರದ್ರ ಗೋಕಾಕದಿಂದ ಯಾರ ಬರಬೇಕ್ರಿ? ಈಗ ನಾನೂ ನೆಟ್ ಕೊಡಾಕತ್ತೇನಿ ಅಕ್ಕಾರ."

"ನಮ್ಮ ಬೀಗತಿ ಮನ್ಯಾಗಿನಕಿಂತ ಜೋರ ಓಡತೈತೇನು?"

"ಅಷ್ಟ್ಯಾಕ ಬೇಕ್ರಿ ನಿಮಗ? ಒಬ್ಬರ ಇರ್ತೀರಿ. ಸಣ್ಣ ಪ್ಯಾಕೇಜ್ ಸಾಕು, ಮೊಮ್ಮಗಳು ಚೊಲೋ ಕಾಣತಾಳ."

ಸಾಕು ಎಂಬ ಮಾತೇ ಉದ್ದವ್ವನಿಗೆ ಸೇರದು. ಮಲ್ಲೇಶ ಎಷ್ಟು ಬೇಡವೆಂದರೂ ಅವನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಪ್ಯಾಕೇಜನ್ನೇ ಹಾಕಿಸಿಕೊಂಡಳು. ಗೋಕಾಕದ್ದಕ್ಕಿಂತ ಒಂದು ಗೇಣು ಅಗಲದ ಟಿವಿಯನ್ನೂ ತರಿಸಿದಳು.

ಚಿತ್ರ ಕನ್ನಡಿಯಂತೆ ಬಂತು. ಮಗು ಖುಷಿಯಿಂದ ತನ್ನ ಗೊಂಬೆಗಳನ್ನೆಲ್ಲ ತಂದು ತೋರಿಸಿತು. ಆದರೆ ಉದ್ದವ್ವನ ಕಣ್ಣು ಗೊಂಬೆಗಳ ಮೇಲಿರಲಿಲ್ಲ. "ಗೋಕಾಕದ ಆಯಿ ಏನಂದ್ಲು? ಆಕಿ ಚೊಲೋನೋ ನಾ ಚೊಲೋನೋ?" ದಿನವೂ ಇದೇ ಪ್ರಶ್ನೆ. ಒಂದು ಸಂಜೆ ಆಮ್ರಪಾಲಿ ಗೊಂಬೆಯನ್ನು ಕಂಕುಳಲ್ಲಿ ಒತ್ತಿಕೊಂಡು, "ನೀ ಬರೇ ಇದ ಕೇಳತಿ," ಎಂದು ಎದ್ದು ಹೋದಳು. ಕಾಲ್‌ಗಳು ಮತ್ತೆ ಗೋಕಾಕಕ್ಕೇ ಹೋಗತೊಡಗಿದವು.

ಬೀಗತಿಯೇ ಮಗುವಿನ ತಲೆ ಕೆಡಿಸಿದ್ದಾಳೆ ಎಂದು ಉದ್ದವ್ವ ಖಚಿತ ಮಾಡಿಕೊಂಡಳು. ಜಗಳ ಕಾಯಲೆಂದೇ ಗೋಕಾಕಕ್ಕೆ ಹೋಗಿ, ಬಾಗಿಲಲ್ಲಿಯೇ ನಿಂತು ಕೇಳಿದಳು: "ಹುಡುಗಿಗೆ ನನ್ನ ಮ್ಯಾಲ ಏನ ಹೇಳಿಕೊಟ್ಟೀರಿ?"

ಹನಮವ್ವ ಗಾಬರಿಯಾಗಲಿಲ್ಲ. "ಒಳಗ ಬರ್ರಿ," ಎಂದು ಚಾಪೆ ಹಾಸಿದಳು. ಕೂತ ಮೇಲೆ ನಿಧಾನಕ್ಕೆ ಅಂದಳು: "ನಾ ಯಾಕ ಹೇಳಿಕೊಡಲಿ? ಬಾಣಂತನ ನಿಮ್ಮ ಮನ್ಯಾಗ ಆತು. ಐದು ತಿಂಗಳತನಕ ಕೂಸು ನಿಮ್ಮ ಉಡಿಯಾಗ ಇತ್ತು. ತೊಟ್ಟಿಲಕ್ಕ ಬಂದಾಗ ಒಂದ ಘಳಿಗಿ ಕೊಟ್ಟಿರಿ, ಕೂಸು ಅತ್ತ ಕೂಡ್ಲೆ ಕಸಗೊಂಡ್ರಿ. ಆಮ್ಯಾಲ ಬಂದಾಗೆಲ್ಲ ಮಲಗೇತಿ ಅಂದ್ರಿ. ಅಲ್ಲಿಂದ ಸೀದಾ ಸೊಲ್ಲಾಪುರಕ್ಕ ಹೋತು. ನನ್ನ ಹೊಟ್ಟಿ ಉರದದ್ದು ನಿಮಗೇನ ಗೊತ್ತು? ಅದಕ್ಕ ಹಾಕಿಸಿದ್ದು ಈ ವೈರು."

ಹನಮವ್ವ ಅಂದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೂ, ಖರೆ ಹೇಳಬೇಕೆಂದರೆ, ಉದ್ದವ್ವನಿಗೆ ಮೊದಲು ಆದದ್ದು ನಾಚಿಕೆಯಲ್ಲ, ಸಂತೋಷ. ತನ್ನನ್ನು ನೋಡಿಯೂ ಒಬ್ಬರು ಇಷ್ಟು ವರ್ಷ ಉರಿದಿದ್ದಾರೆ! ಎದೆಯ ಮೇಲಿನ ಕಲ್ಲು ಯಾರೋ ಇಳಿಸಿದಂತಾಯಿತು. ಎದುರಿಗೆ ಕೂತವಳ ಒದ್ದೆ ಕಣ್ಣು ಕಂಡ ಮೇಲಷ್ಟೇ ಆ ಸಂತೋಷ ಮುಜುಗರಕ್ಕೆ ತಿರುಗಿತು.

"ಹುಟ್ಟಿದಾಗ ಹೆಂಗಿತ್ರಿ ಕೂಸು? ನನಗ ಯಾರೂ ಹೇಳಲೇ ಇಲ್ಲ," ಎಂದಳು ಹನಮವ್ವ.

ಉದ್ದವ್ವ ಹೇಳಿದಳು. ತಲೆತುಂಬ ಕೂದಲಿದ್ದದ್ದು, ನೀರು ಎರೆಯುವಾಗ ಒಂದಿಷ್ಟೂ ಅಳದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದದ್ದು, ಎಡಗೈ ಬೆರಳನ್ನೇ ಚೀಪುತ್ತಿದ್ದದ್ದು. ಹನಮವ್ವ ಒಂದೊಂದನ್ನೂ ಮತ್ತೆ ಕೇಳಿ ಹೇಳಿಸಿಕೊಂಡಳು. ಮಗು ಮೊದಲು ನಕ್ಕದ್ದು ಯಾರ ಮುಖ ನೋಡಿ ಎನ್ನುವುದು ಉದ್ದವ್ವನ ತುಟಿಯವರೆಗೆ ಬಂತು. ಅದನ್ನು ಮಾತ್ರ ನುಂಗಿಕೊಂಡಳು. ಎಲ್ಲವನ್ನೂ ಕೊಟ್ಟುಬಿಡಲು ಅವಳಿಂದಾಗಲಿಲ್ಲ.

ಅಷ್ಟರಲ್ಲಿ ಸೊಲ್ಲಾಪುರದ ಕಾಲ್ ಬಂತು. ಹನಮವ್ವ ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟಳು. ಆಮ್ರಪಾಲಿ ಮೊದಲು ಕರೆದದ್ದು ಗೋಕಾಕದ ಆಯಿಯನ್ನೇ. ಯಾರು ಚೊಲೋ ಎಂಬ ಹಳೆಯ ಪ್ರಶ್ನೆ ಉದ್ದವ್ವನಿಗೆ ನೆನಪಾಯಿತು. ಆದರೆ ಇವತ್ತು ಅವಳು ಏನನ್ನೂ ಕೇಳಲಿಲ್ಲ. ಮಗು ಗೊಂಬೆಗೆ ಜಡೆ ಹಾಕುವುದನ್ನು ನೋಡುತ್ತ ಬೀಗತಿಯ ಮಗ್ಗುಲಲ್ಲಿ ಕೂತಳು.