ಅತ್ತೆ ಒಗೆದ ಪೀಠದ ವಸ್ತ್ರ

ಗಂಜಿ ಹಾಕಿದ ಬಟ್ಟೆಯ ಮೇಲೆ ಕೆಂಡದ ಇಸ್ತ್ರಿ ಪೆಟ್ಟಿಗೆ ಆಡಿದಾಗ ಏಳುವ ವಾಸನೆ ಹೊಸಪೇಟೆಯ ಯಾವುದೋ ಓಣಿಯಲ್ಲಿ ಮೂಗಿಗೆ ಬಡಿದರೆ ಸಾಕು, ನಾನು ಸಂಡೂರಿನ ಗಣಿ ಕಾರ್ಮಿಕರ ಸಾಲುಮನೆಗೆ ಹೋಗಿಬಿಡುತ್ತೇನೆ. ಅಲ್ಲಿ ಅಪ್ಪನ ಅಕ್ಕ ಫಿಲೋಮಿನಾ ಅತ್ತೆ ನೆಲದ ಮೇಲೆ ಕಂಬಳಿ ಹಾಸಿಕೊಂಡು, ಚರ್ಚಿನ ಪೀಠಕ್ಕೆ ಹೊದಿಸುವ ಬಿಳಿ ವಸ್ತ್ರಕ್ಕೆ ಇಸ್ತ್ರಿ ಮಾಡುತ್ತಿದ್ದಳು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ತಾಯಿಯಿಲ್ಲದ ನನ್ನನ್ನು ಸಾಕಿದವಳೂ ಅವಳೇ. ಅದಿರಿನ ಕೆಂಪು ಧೂಳು ಅನ್ನದ ತಟ್ಟೆಯನ್ನೂ ಬಿಡದ ಊರಿನಲ್ಲಿ ಬಟ್ಟೆ ಬಿಳಿಯಾಗಿ ಉಳಿಯುವುದು ಸುಲಭದ ಮಾತಾಗಿರಲಿಲ್ಲ. ಅತ್ತೆ ಕಿಟಕಿ ಬಾಗಿಲು ಮುಚ್ಚಿ ಒಳಗೇ ಹಗ್ಗ ಕಟ್ಟಿ ಒಣಗಿಸುತ್ತಿದ್ದಳು. ಇಷ್ಟೊಂದು ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, ದೇವರು ತನ್ನನ್ನು ಭಾಳ ಪ್ರೀತಿ ಮಾಡಿದ್ದಾನೆ, ತಿರುಗಿ ಕೊಡಲು ತನ್ನ ಹತ್ತಿರ ಇರುವುದು ಇದೊಂದೇ ಅಂದಿದ್ದಳು. ಅಷ್ಟೆಲ್ಲ ಕಳೆದುಕೊಂಡವಳು ಅದನ್ನು ಅಷ್ಟು ನಿಶ್ಚಿಂತೆಯಿಂದ ಹೇಳಿದ್ದು ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಚರ್ಚಿನಲ್ಲಿ ನಾನು ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ಹಿಂದಿನ ದಿನ ಮಧ್ಯಾಹ್ನ ಪಕ್ಕದ ಮನೆಯ ಗಂಗಮ್ಮ ಓಡಿಬಂದಳು. ಹೆರಿಗೆಗೆಂದು ಬಂದಿದ್ದ ಅವಳ ಮಗಳಿಗೆ ದಿನ ತುಂಬುವ ಮೊದಲೇ ಬೇನೆ ಎದ್ದಿತ್ತು. ಆಸ್ಪತ್ರೆಗೆ ಒಯ್ಯಲು ಕರೆಸಿದ ಜೀಪು ಅದಿರಿನ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ಅತ್ತೆ ಇಸ್ತ್ರಿ ಬಿಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ನನ್ನನ್ನು ಕೂಗಿ, ಸ್ವಚ್ಛವಾದ ಬಟ್ಟೆ ತರಲು ಹೇಳಿದಳು. ಟ್ರಂಕೆಲ್ಲ ಹುಡುಕಿದೆ, ಒಂದೊಂದರ ಮಡಿಕೆಯಲ್ಲೂ ಕೆಂಪು. ಬರಿಗೈಲಿ ಹೋಗಿ ನಿಂತೆ. ಕೂಸು ಆಗಲೇ ಹುಟ್ಟಿತ್ತು, ತೀರ ಸಣ್ಣದು, ಅಳುವುದಕ್ಕೂ ತ್ರಾಣವಿರಲಿಲ್ಲ.

"ಪೀಠದ್ದು ತಗೊಂಬಾ" ಅಂದಳು ಅತ್ತೆ.

ಅದು ದೇವರದ್ದಲ್ಲವೇ ಎಂದು ನಾನು ಅಳುಮುಖ ಮಾಡಿದೆ.

"ದೇವರದು ಅಂತನಽ ಕೇಳಾಕತ್ತೀನಿ. ಜಲ್ದಿ ತಾ."

ಬಿಸಿ ಇನ್ನೂ ಆರದ ಆ ವಸ್ತ್ರದಲ್ಲಿ ಕೂಸನ್ನು ಸುತ್ತಿ, ಜೀಪು ಬರುವವರೆಗೂ ಎದೆಗೆ ಅವಚಿಕೊಂಡು ಕೂತಳು. ಕೂಸು ಬದುಕಿತು. ಸಂಜೆ ನನ್ನನ್ನೂ ಕರೆದುಕೊಂಡು ಚರ್ಚಿಗೆ ಹೋಗಿ ಫಾದರ್ ಮುಂದೆ ನಡೆದದ್ದನ್ನು ಹೇಳಿದಳು, ತಪ್ಪಾಯಿತು ಎನ್ನಲಿಲ್ಲ. ಅವರು ಮೊದಲು ಕೂಸು ಹೇಗಿದೆ ಎಂದು ಕೇಳಿದರು. ಆಮೇಲೆ, ನಾಳೆಗೆ ಪೀಠಕ್ಕೆ ತೇಪೆ ಹಾಕಿದ ಹಳೆಯ ವಸ್ತ್ರವೇ ಇರಲಿ ಎಂದರು. ಮರುದಿನ ಆ ತೇಪೆಯ ವಸ್ತ್ರ ಹೊದಿಸಿದ ಪೀಠದ ಮುಂದೆ ಮಂಡಿಯೂರಿದಾಗ, ವಾರಗಟ್ಟಲೆ ಬಾಯಿಪಾಠ ಮಾಡಿದ ಪ್ರಾರ್ಥನೆ ಯಾವುದೂ ನೆನಪಾಗಲಿಲ್ಲ. ದೇವರಿಗೆ ನಾನೂ ಏನಾದರೂ ಕೊಡಬಲ್ಲೆ ಎಂಬ ಧೈರ್ಯ ಮಾತ್ರ ಬಂದಿತ್ತು. ಅದು ಇವತ್ತಿಗೂ ಹೋಗಿಲ್ಲ.

ಆ ಸಾಲುಮನೆಗಳನ್ನು ಕೆಡವಿ ಎಷ್ಟೋ ವರ್ಷವಾಯಿತು. ನಿಮ್ಮ ಬಾಲ್ಯದ ಮನೆಯೂ ಹೀಗೆ ಹೋಗಿದ್ದರೆ ಗೊತ್ತಿರುತ್ತದೆ, ಹೊಸ್ತಿಲು ಎಲ್ಲಿತ್ತೆಂದು ಕಾಲು ತಾನಾಗಿ ಹುಡುಕುತ್ತದೆ. ಹೋದ ವರ್ಷ ಅತ್ತೆ ಹೊಸಪೇಟೆಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅದರ ಹಿಂದಿನ ದಿನ ಅವಳ ಕೈ ಹಿಡಿದು, ಅಂಜಿಕೆ ಆಗುತ್ತಿದೆಯೇ ಎಂದು ಕೇಳಿದ್ದೆ.

"ಅಂಜಿಕಿ ಯಾಕವ್ವ? ಗುರುತಿನವರ ಮನಿಗೇ ಹೊಂಟೀನಿ" ಅಂದಳು.

ನಮ್ಮ ಮನೆಯಂತೂ ಉಳಿಯಲಿಲ್ಲ. ಅವಳು ಹೋದ ಮನೆ ಇದೆ. ಅದರಲ್ಲಿ ನನಗೆ ಸಂಶಯವಿಲ್ಲ.