ಅರವತ್ತನಾಲ್ಕನೇ ಪುಟದವರೆಗೆ

2016ರಲ್ಲಿ ನಾನು ಮಂಡ್ಯದ ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ರೀಡರ್ ಆಗಿದ್ದೆ. ಪುಟಗಳು ಅಚ್ಚಿಗೆ ಹೋಗುವ ಮುಂಚೆ ಕರಡು ಹಾಳೆಯಲ್ಲಿ ತಪ್ಪು ತಿದ್ದುವುದು ನನ್ನ ಕೆಲಸ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ದಿನವೂ ಹನಕೆರೆಯಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಮರಳುತ್ತಿದ್ದೆ. ತಿರುಪತಿಯಿಂದ ಆಚೆಗೆ ಹೋದವನಲ್ಲ. ಆದರೂ ತಿಂಗಳಿಗೆರಡು ಬಾರಿ ಪ್ರವಾಸ ಪುಸ್ತಕಗಳ ವಿಮರ್ಶೆ ಬರೆಯುತ್ತಿದ್ದವನು ನಾನೇ. ಬೇರೆ ಯಾರೂ ಒಪ್ಪದಿದ್ದಾಗ ಸಂಪಾದಕರು ಆ ಅಂಕಣವನ್ನು ನನ್ನ ಮೇಜಿಗೆ ತಳ್ಳಿದ್ದರು.

ನನ್ನದೇ ಒಂದು ಪದ್ಧತಿ ಇತ್ತು. ಪುಸ್ತಕದ ಎಡಕ್ಕೆ ಅಟ್ಲಾಸ್, ಬಲಕ್ಕೆ ರೈಲ್ವೆ ಟೈಮ್ ಟೇಬಲ್, ಎದುರಿಗೆ ಅದೇ ಊರಿನ ಬಗ್ಗೆ ಬೇರೆ ಕಾಲದಲ್ಲಿ ಬರೆದ ಒಂದೆರಡು ಪುಸ್ತಕ. ಹಳಬರು ಕಂಡದ್ದನ್ನೂ ಹೊಸಬರು ಕಂಡದ್ದನ್ನೂ ಹೋಲಿಸಿ ನೋಡುತ್ತಿದ್ದೆ. ಮೊದಮೊದಲು ಅದು ಸಂತೋಷದ ಕೆಲಸವಾಗಿತ್ತು. ಒಮ್ಮೆ ನಿವೃತ್ತ ಅಧಿಕಾರಿಯೊಬ್ಬರು ಉತ್ತರದ ಒಂದು ಸ್ಟೇಷನ್ನಿನಲ್ಲಿ ರೈಲಿನ ಕಿಟಕಿಯಿಂದ ಸೂರ್ಯೋದಯ ಕಂಡೆ ಎಂದು ಎರಡು ಪುಟ ಬರೆದಿದ್ದರು. ಅವರೇ ಹೆಸರಿಸಿದ ರೈಲು ಆ ಸ್ಟೇಷನ್ ತಲುಪುವುದು ಮಧ್ಯಾಹ್ನ ಮೂರಕ್ಕೆ. ಅದನ್ನು ಬರೆದೆ. ಮಂಡ್ಯದ ಹೋಟೆಲುಗಳಲ್ಲಿ ಜನ ಓದಿ ನಕ್ಕರು. ಅಂದಿನಿಂದ ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಈ ವಾರ ಯಾರನ್ನ ಇಡುದ್ರಿ?”

ನಾನು ಕೆಟ್ಟದ್ದು ಅಲ್ಲಿಂದ. ಆಮೇಲೆ ನಾನು ಓದುತ್ತಿದ್ದದ್ದು ಯಾರನ್ನಾದರೂ ಹಿಡಿಯಲಿಕ್ಕೆ.

ಆ ವರ್ಷ ಆಗಸ್ಟಿನಲ್ಲಿ ‘ಬೆಲ್ಲದ ಜೊತೆ ಹನ್ನೊಂದು ದಿನ’ ಎಂಬ ಪುಸ್ತಕ ಬಂತು. ಬರೆದವರು ಮದ್ದೂರಿನ ಲಾರಿ ಮೆಕ್ಯಾನಿಕ್ ಇಸ್ಮಾಯಿಲ್. 1994ರ ಮಳೆಗಾಲದಲ್ಲಿ ಮಂಡ್ಯದ ಬೆಲ್ಲ ತುಂಬಿದ ಲಾರಿಯಲ್ಲಿ, ಡ್ರೈವರ್ ಪುಟ್ಟಸ್ವಾಮಿಯವರ ಜೊತೆ ಗುಜರಾತಿಗೆ ಹೋದ ಕಥೆ. ನೂರ ಹನ್ನೆರಡು ಪುಟ. ಅಗ್ಗದ ಅಚ್ಚು. ಗುರುವಾರ ಅಂಕಣ ಕೊಡಬೇಕಿತ್ತು, ಬುಧವಾರ ಓದಲು ಕುಳಿತೆ. ಮಳೆಯ ತೇವಕ್ಕೆ ಬೆಲ್ಲ ಬೆವರುವುದನ್ನು, ಟಾರ್ಪಾಲನ್ನು ಇಬ್ಬರೂ ಗಂಟೆಗೊಮ್ಮೆ ಎಳೆದು ಕಟ್ಟುವುದನ್ನು ಚೆನ್ನಾಗಿ ಬರೆದಿದ್ದರು. ನಲವತ್ತೊಂದನೇ ಪುಟಕ್ಕೆ ಬಂದಾಗ ಪೆನ್ಸಿಲು ತೆಗೆದುಕೊಂಡೆ. ‘ಲಾರಿಯನ್ನು ಈಚೆ ದಡದಲ್ಲಿ ಬಿಟ್ಟು ನಾನೊಬ್ಬನೇ ದೋಣಿ ಹತ್ತಿ ಹೊಳೆ ದಾಟಿದೆ. ಯಾಕೆಂದು ಮುಂದೆ ಹೇಳುತ್ತೇನೆ’ ಎಂದಿತ್ತು. ನನ್ನ ಮೇಜಿನ ಮೇಲಿದ್ದ ಎಪ್ಪತ್ತರ ದಶಕದ ಪುಸ್ತಕದಲ್ಲಿ ಆ ಹೊಳೆಗೆ ಸೇತುವೆ ಇತ್ತು. ಇತ್ತೀಚಿನ ಇನ್ನೊಂದರಲ್ಲೂ ಇತ್ತು. ಅಂದೂ ಇದ್ದ, ಇಂದೂ ಇರುವ ಸೇತುವೆ ನಡುವೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ.

ಪುಸ್ತಕವನ್ನು ಹದಿನಾರು ಪುಟಗಳ ಫಾರಂಗಳಾಗಿ ಮಡಿಸಿ ಹೊಲಿದು, ಕೊನೆಗೆ ಅಂಚು ಕತ್ತರಿಸುತ್ತಾರೆ. ನನ್ನ ಪ್ರತಿಯಲ್ಲಿ ಐದನೇ ಫಾರಂನ ಮೇಲಂಚು ಕತ್ತರಿಗೆ ಸಿಕ್ಕಿರಲಿಲ್ಲ. ಅರವತ್ತೈದರಿಂದ ಎಂಬತ್ತರವರೆಗಿನ ಪುಟಗಳು ಅಂಟಿಕೊಂಡೇ ಇದ್ದವು. ಬಿಡಿಸಲು ಒಂದು ಅಡಿಪಟ್ಟಿ ಸಾಕಿತ್ತು. ಬಿಡಿಸಲಿಲ್ಲ. ನನಗೆ ಬೇಕಾಗಿದ್ದದ್ದು ಆಗಲೇ ಸಿಕ್ಕಿತ್ತು. ಕೊನೆಯ ಪುಟದ ಮೇಲೆ ಕಣ್ಣಾಡಿಸಿ ಹೀಗೆ ಬರೆದೆ: ‘ಸೇತುವೆಯ ಪಕ್ಕದಲ್ಲೇ ದೋಣಿ ಹತ್ತಿದ ಈ ಲೇಖಕರು ಮದ್ದೂರಿನ ಎಲ್ಲೆಯನ್ನಾದರೂ ದಾಟಿದ್ದರೇ ಎಂಬ ಅನುಮಾನ ಬರುತ್ತದೆ.’

ಪತ್ರಿಕೆ ಹೊರಬಂದ ಮರುವಾರ, ಮಂಗಳವಾರ ಮಧ್ಯಾಹ್ನ, ಇಬ್ಬರು ಕಚೇರಿಗೆ ಬಂದರು. ಒಬ್ಬರು ಅರವತ್ತು ದಾಟಿದ ಮನುಷ್ಯ, ಉಗುರಿನ ಸಂದಿಯಲ್ಲಿ ಗ್ರೀಸು. ಜೊತೆಯಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕೈಯಲ್ಲಿ ನಾಲ್ಕಾಗಿ ಮಡಚಿದ ನಮ್ಮ ಪತ್ರಿಕೆ.

“ಇದುನ್ನ ಬರ್ದೋರು ಯಾರು?” ಎಂದಳು.

“ನಾನೇ ಕಣಮ್ಮ. ಕೂತ್ಕೊಳ್ಳಿ.”

“ಕೂತ್ಕೊಳಕ್ಕೆ ಬಂದಿಲ್ಲ. ನಾನು ಸವಿತಾ ಅಂತ, ಮಳವಳ್ಳಿಯಿಂದ ಬಂದಿವ್ನಿ. ಡ್ರೈವರ್ ಪುಟ್ಟಸ್ವಾಮಿ ಮಗ್ಳು. ಇವ್ರು ಇಸ್ಮಾಯಿಲ್ ಮಾಮ.”

ಸಿಟ್ಟಿನಲ್ಲಿ ಬಂದವರನ್ನು ಮೊದಲು ಕುಶಲ ಕೇಳಿ ತಣ್ಣಗೆ ಮಾಡಬೇಕೆಂದು ಸಂಪಾದಕರು ನಮಗೆ ಹೇಳಿಕೊಟ್ಟಿದ್ದರು. ನಾನು ನಗುತ್ತಾ ಕೇಳಿದೆ, “ಓಹೋ, ಪುಟ್ಟಸ್ವಾಮಿಯವರ ಮಗಳಾ? ಅಪ್ಪ ಚೆನ್ನಾಗಿದ್ದಾರಾ?”

ಪಕ್ಕದ ಮೇಜಿನ ಟೈಪಿಂಗ್ ಸದ್ದು ನಿಂತಿತು. ಸವಿತಾ ನನ್ನನ್ನು ನೋಡಿದಳು, ಇಸ್ಮಾಯಿಲರನ್ನು ನೋಡಿದಳು. ಏನೋ ತಪ್ಪಾಡಿದೆ ಎಂದು ತಿಳಿಯಿತು, ಏನೆಂದು ಮಾತ್ರ ತಿಳಿಯಲಿಲ್ಲ.

“ಮಾಮ,” ಎಂದಳು, “ಇವ್ರು ಓದೇ ಇಲ್ಲ.”

ಇಸ್ಮಾಯಿಲ್ ನನ್ನ ಮೇಜಿನ ಮೇಲಿದ್ದ ಪ್ರತಿಯನ್ನು ಎತ್ತಿಕೊಂಡು ಮೇಲಂಚಿನ ಮೇಲೆ ಹೆಬ್ಬೆರಳು ಎಳೆದರು. ಅಂಟಿದ ಪುಟಗಳ ಹತ್ತಿರ ಬೆರಳು ನಿಂತಿತು. ಜೇಬಿನಿಂದ ಫೀಲರ್ ಗೇಜ್ ತೆಗೆದರು. ಇಂಜಿನ್ನಿನ ಸಣ್ಣ ಸಂದುಗಳನ್ನು ಅಳೆಯುವ ತೆಳು ಉಕ್ಕಿನ ಎಸಳುಗಳು ಅವು. ಒಂದು ಎಸಳು ಬಿಡಿಸಿ ಪುಟಗಳನ್ನು ಒಂದೊಂದಾಗಿ ಸೀಳಿದರು. ಅಷ್ಟು ಹೊತ್ತೂ ನನಗೆ ತಲೆ ಎತ್ತಲಾಗಲಿಲ್ಲ.

“ನಮ್ ಸೆಡ್ಗೆ ಗಾಡಿ ಬಂದ್ರೆ ಬಾನೆಟ್ ಎತ್ದೆ ಇಂಜಿನ್ ಓಗೈತೆ ಅಂತ ಯೋಳಲ್ಲ ಸಾರ್,” ಎಂದು ಪುಸ್ತಕವನ್ನು ನನ್ನ ಮುಂದಿಟ್ಟರು.

“ಓದಿ,” ಎಂದಳು ಸವಿತಾ. “ಎಲ್ರಿಗೂ ಕೇಳಂಗೆ ಓದಿ.”

ಅರವತ್ತೇಳನೇ ಪುಟದಿಂದ ಓದಿದೆ. ಆ ಮಳೆಗೆ ಸೇತುವೆಯ ಎರಡು ಕಮಾನು ಕೊಚ್ಚಿಹೋಗಿದ್ದವು. ಲಾರಿಗಳು ದಡದಲ್ಲಿ ಸಾಲುಗಟ್ಟಿ ನಿಂತಿದ್ದವು. ಬೆಳಿಗ್ಗೆ ಪುಟ್ಟಸ್ವಾಮಿಗೆ ಎದೆನೋವು ಬಂತು. ಡಾಕ್ಟರಿದ್ದದ್ದು ಆಚೆ ದಡದ ಊರಿನಲ್ಲಿ. ತುಂಬಿದ ಹೊಳೆಗೆ ದೋಣಿಯವನು ಮೊದಲು ಒಲ್ಲೆನೆಂದ. ಇಸ್ಮಾಯಿಲ್ ತಮ್ಮ ಗಡಿಯಾರ ಬಿಚ್ಚಿಕೊಟ್ಟು ಹತ್ತಿದರು. ಡಾಕ್ಟರನ್ನು ಕರೆದುಕೊಂಡು ಮರಳುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ‘ಪುಟ್ಟಸ್ವಾಮಿ ಮುಂದಿನ ಚಕ್ರಕ್ಕೆ ಒರಗಿ ಕುಳಿತಿದ್ದ. ಚಪ್ಪಲಿಗಳನ್ನು ಪಕ್ಕದಲ್ಲಿ ಜೋಡಿಸಿಟ್ಟಿದ್ದ. ಡಾಕ್ಟರು ಕೈ ಹಿಡಿದು ನೋಡಿ, ನನ್ನ ಕಡೆ ತಿರುಗಿ ಇಲ್ಲವೆಂದು ತಲೆ ಆಡಿಸಿದರು.’

ಅಲ್ಲಿಗೆ ಪುಸ್ತಕ ಮುಚ್ಚಿದೆ.

“ನಮ್ ದೊಡ್ಡಪ್ಪ ಇಪ್ಪತ್ತೆರಡ್ ವರ್ಸದಿಂದ ಒಂದೇ ಮಾತು ಯೋಳ್ತಾ ಬಂದವ್ನೆ,” ಎಂದಳು ಸವಿತಾ. “ಸಾಯೋನ್ನ ದಾರೀಲಿ ಬುಟ್ಟು ಈ ಸಾಬಿ ಓಡೋದ ಅಂತ. ಪುಸ್ತಕ ಬಂದ್ಮೇಲೆ ಬಾಯಿ ಮುಚ್ಕಂಡಿದ್ದ. ಈಗ ನಿಮ್ ಪೇಪರ್ ಇಡ್ಕಂಡು ಮನೆಮನೆ ಸುತ್ತಾವ್ನೆ. ನೋಡ್ರಲಾ, ದೋಣಿನೇ ಇರ್ನಿಲ್ವಂತೆ ಅಂತಾವ್ನೆ. ಈಗ ಯೋಳಿ ಸಾರ್. ದೋಣಿ ಇತ್ತೋ, ಇರ್ನಿಲ್ವೋ?”

ಸದ್ದು ಕೇಳಿ ಸಂಪಾದಕರು ಒಳಕೋಣೆಯಿಂದ ಬಂದು ನಿಂತಿದ್ದರು. “ಏನ್ರೀ, ಪುಸ್ತಕ ಓದಿರಲಿಲ್ವಾ ನೀವು?”

ಇಲ್ಲ ಎಂದಿದ್ದರೆ ಅಂಕಣ ಹೋಗುತ್ತಿತ್ತು. ಬಹುಶಃ ಕೆಲಸವೂ. ನಾನು ಹೇಳಿದೆ, “ಓದಿದ್ದೆ ಸಾರ್. ಓದಿದ ಪ್ರತಿ ಮನೇಲಿದೆ. ಇದು ಬೇರೆ.”

ಕಚೇರಿಗೆ ತಾವು ಕೊಟ್ಟದ್ದು ಒಂದೇ ಪ್ರತಿ ಎಂಬುದು ಇಸ್ಮಾಯಿಲರಿಗೆ ಗೊತ್ತಿತ್ತು. ಅವರು ನನ್ನ ಬಿಳಿ ಕೂದಲನ್ನು ನೋಡಿದರೋ, ಸುತ್ತ ನಿಂತಿದ್ದ ಕಚೇರಿಯ ಹುಡುಗರನ್ನು ನೋಡಿದರೋ, “ಇರ್ಬೋದು ಬುಡಿ ಸಾರ್. ನಡಿಯವ್ವ,” ಎಂದು ಹೊರಟರು. ಸವಿತಾ ಬಾಗಿಲವರೆಗೆ ಹೋಗಿ ತಿರುಗಿದಳು. ನನ್ನನ್ನೊಮ್ಮೆ ನೋಡಿ ಅವರ ಹಿಂದೆ ಹೋದಳು.

ಮುಂದಿನ ಸಂಚಿಕೆಯಲ್ಲಿ ನಾಲ್ಕು ಸಾಲಿನ ಸ್ಪಷ್ಟನೆ ಬಂತು. ಅದನ್ನು ಬರೆದವನೂ ನಾನೇ. ‘ಆ ವೇಳೆ ಸೇತುವೆ ಹಾಳಾಗಿತ್ತೆಂದು ಲೇಖಕರು ತಿಳಿಸಿದ್ದಾರೆ.’ ಲೇಖಕರು ತಿಳಿಸಿದ್ದಾರೆ! ಪುಸ್ತಕದಲ್ಲೇ ಅಚ್ಚಾಗಿದ್ದ ಮಾತನ್ನು ಅವರು ಆಮೇಲೆ ಬಂದು ಹೇಳಿದರು ಎಂಬಂತೆ ಬರೆದೆ. ಸವಿತಾಳ ದೊಡ್ಡಪ್ಪನಿಗೆ ಅಷ್ಟೇ ಬೇಕಿತ್ತು. ಇಸ್ಮಾಯಿಲನೇ ಹೋಗಿ ಹಾಕಿಸಿದ್ದು ಎಂದನಂತೆ. ಆ ವರ್ಷದ ಪುಟ್ಟಸ್ವಾಮಿಯವರ ತಿಥಿಗೆ ಸವಿತಾ ಕರೆದಳೆಂದು ಇಸ್ಮಾಯಿಲ್ ಹೋದಾಗ, ಬಾಗಿಲಿಗೆ ಅಡ್ಡ ನಿಂತು ನಮ್ಮ ಪತ್ರಿಕೆ ತೋರಿಸಿ ವಾಪಸ್ಸು ಕಳಿಸಿದನಂತೆ. ಇದನ್ನು ನನಗೆ ಹೇಳಿದವರು ಮಳವಳ್ಳಿಯ ನಮ್ಮ ಏಜೆಂಟರು. ನಗುತ್ತಾ ಹೇಳಿದರು. ನಮ್ಮ ಪತ್ರಿಕೆಯ ಮಾತಿಗೆ ಎಷ್ಟು ಬೆಲೆ ನೋಡಿ ಎಂಬ ಅರ್ಥದಲ್ಲಿ.

ಇನ್ನೊಂದು ವಿಷಯ ಹೋದ ತಿಂಗಳವರೆಗೆ ಯಾರಿಗೂ ಹೇಳಿರಲಿಲ್ಲ. ಮನಸ್ಸು ತಡೆಯದೆ ಆ ಹೊಳೆಯ ದಡದ ಊರಿನ ಶಾಲೆಯ ಹೆಡ್‌ಮಾಸ್ತರರಿಗೆ ಪತ್ರ ಬರೆದಿದ್ದೆ. ಎರಡು ತಿಂಗಳಿಗೆ ಹಿಂದಿಯಲ್ಲಿ ಉತ್ತರ ಬಂತು. 1994ರ ಮಳೆಗೆ ಸೇತುವೆ ಮುರಿಯಿತು, ಮತ್ತೆ ಕಟ್ಟುವವರೆಗೆ ಜನ ದೋಣಿಯಲ್ಲೇ ದಾಟಿದರು ಎಂದಿತ್ತು. ಅದನ್ನು ಮಡಚಿ ಅಟ್ಲಾಸಿನೊಳಗೆ ಇಟ್ಟೆ. ಅಂಕಣ ಬಿಟ್ಟೆ, ಎರಡು ವರ್ಷಕ್ಕೆ ಕೆಲಸವನ್ನೂ ಬಿಟ್ಟೆ. ಪತ್ರ ಮಾತ್ರ ಒಂಬತ್ತು ವರ್ಷ ಅಲ್ಲೇ ಇತ್ತು.

ನನ್ನ ಕೆಲಸ ಕಲಿಸಿದ್ದನ್ನು ಹೇಳಬೇಕಾದರೆ ಇಷ್ಟೇ. ಎರಡು ಕಾಲದ ಎರಡು ಪುಸ್ತಕ ಒಂದೇ ಮಾತು ಹೇಳಿದರೂ, ನಡುವಿನ ಕಾಲದಲ್ಲಿ ಆ ದಡದಲ್ಲಿ ನಿಂತಿದ್ದವನಿಗೆ ಏನಾಯಿತೆಂದು ಅವು ಹೇಳಲಾರವು. ಅದನ್ನು ಅವನೇ ಹೇಳಬೇಕು, ನಾವು ಕೊನೆಯವರೆಗೆ ಕೇಳಬೇಕು.

ಹೋದ ತಿಂಗಳು ಮದ್ದೂರಿಗೆ ಹೋಗಿ ಇಸ್ಮಾಯಿಲರ ಕೈಗೆ ಆ ಪತ್ರ ಕೊಟ್ಟೆ. ಈಗ ಶೆಡ್ಡನ್ನು ಮಗ ನೋಡಿಕೊಳ್ಳುತ್ತಾನೆ, ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಪತ್ರವನ್ನು ಓದಿ, ಮಡಚಿ, ನನಗೇ ವಾಪಸ್ಸು ಕೊಟ್ಟರು. “ನಂಗ್ಯಾಕ್ ಸಾರ್ ಇದು? ನಾನು ಅಲ್ಲೇ ಇದ್ನಲ್ಲ. ಆ ಮಗೀಗೆ ಕೊಡಿ,” ಎಂದರು.

ಸವಿತಾಗೆ ಆ ಪತ್ರ ಕಳಿಸಿದ್ದೇನೆ. ದೊಡ್ಡಪ್ಪ ಇನ್ನೂ ಇದ್ದಾರೆ, ಕಣ್ಣು ಕಾಣುವುದಿಲ್ಲವಂತೆ. ಈ ಬರಹವನ್ನು ಅವಳು ಅವರಿಗೆ ಓದಿ ಹೇಳಬಹುದು ಎಂದು ಸುತ್ತುಬಳಸದೆ ಬರೆಯುತ್ತಿದ್ದೇನೆ. ನೂರ ಹನ್ನೆರಡು ಪುಟಗಳಲ್ಲಿ ನಾನು ಓದಿದ್ದು ಅರವತ್ತನಾಲ್ಕು. ಮನೆಯಲ್ಲಿ ಇನ್ನೊಂದು ಪ್ರತಿ ಇರಲಿಲ್ಲ. ದೋಣಿ ಇತ್ತು. ಇಸ್ಮಾಯಿಲ್ ಅದನ್ನು ಹತ್ತಿದ್ದು ಡಾಕ್ಟರನ್ನು ಕರೆತರಲು, ಮತ್ತು ಅದರಲ್ಲೇ ಅವರು ವಾಪಸ್ಸು ಬಂದರು.