ಬೋರ್ಡ್ ಓದಿದ್ದು ನಾನು

ಅಪ್ಪನಿಗೆ ಮರುಭೂಮಿ ನೋಡೋ ಆಸೆ, ಆದರೆ ನಾವಿರೋ ಸ್ವೀಡನ್ನಿನಲ್ಲಿ ಮರುಭೂಮಿ ಇಲ್ಲ. ಅದಕ್ಕೇ ಅಪ್ಪ ಮತ್ತು ನಾನು ಕಾರಿಗೆ ಟೆಂಟ್ ತುಂಬಿಕೊಂಡು, ಮರಳುದಿಬ್ಬ ಇರೋ ನ್ಯಾಷನಲ್ ಪಾರ್ಕ್‌ಗಳನ್ನು ಸುತ್ತುತ್ತಿದ್ದೆವು. ಅಪ್ಪನಿಗೆ ಸ್ವೀಡಿಷ್ ಬರೋದಿಲ್ಲ. ಕೊಮ್ಯೂನ್, ಅಂದರೆ ಇಲ್ಲಿನ ನಗರಸಭೆ ಆಫೀಸಿನ ಕಾಗದದಿಂದ ಹಿಡಿದು ಹಾಲಿನ ಡಬ್ಬಿವರೆಗೆ ಎಲ್ಲಾ ಓದಿ ಹೇಳೋಳು ನಾನೇ.

ಮೊದಲನೇ ದಿಬ್ಬದ ಹತ್ತಿರ ಒಂದು ಬೋರ್ಡ್ ಇತ್ತು.

"ಏನಂತೆ ಪುಟ್ಟಿ?"

"ಶೂ ಹಾಕೋ ಹಾಗಿಲ್ಲವಂತೆ ಅಪ್ಪಾ. ಮರಳಿಗೆ ನೋವಾಗುತ್ತಂತೆ."

ನಗ್ತಾರೆ ಅಂದುಕೊಂಡೆ. ಅಪ್ಪ ದೇವಸ್ಥಾನದ ಮುಂದೆ ಬಿಡೋ ಹಾಗೆ ಶೂ ಬಿಟ್ಟು, ಸಾಕ್ಸ್ ಮಡಿಸಿ ಜೇಬಿಗಿಟ್ಟುಕೊಂಡರು. ಸುಡೋ ಮರಳಲ್ಲಿ ಕುಣಿಯುತ್ತಾ ನಡೆದರು. ನಾನು ವಿಡಿಯೋ ಮಾಡಿದೆ.

ಅಷ್ಟರಲ್ಲಿ ಬೂಟು ಹಾಕಿಕೊಂಡ ಒಬ್ಬ ಅಜ್ಜಿ ಬಂದರು. ಅಪ್ಪ ಬಹಳ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ, "ಮೇಡಂ, ಇಲ್ಲಿ ಶೂ ಹಾಕಬಾರದು," ಅಂದುಬಿಟ್ಟರು.

ಅಜ್ಜಿ ಬೋರ್ಡ್ ಓದಿದರು. "ನಾಯಿಗೆ ಹಗ್ಗ ಕಟ್ಟಿ ಅಂತ ಇದೆಯಲ್ಲ?" ಅಂದು ನನ್ನನ್ನೇ ನೋಡಿದರು.

ಅಪ್ಪ ಕೆಂಪಗಾದ ಕಾಲು ನೋಡಿಕೊಂಡು, "ಸಾರಿ, ನಾನೇ ತಪ್ಪಾಗಿ ಓದಿದೆ. ನನ್ನ ಮಗಳು ಚೆನ್ನಾಗಿ ಓದ್ತಾಳೆ," ಅಂದರು.

ವಿಡಿಯೋ ಅಳಿಸಿದೆ. ಅಪ್ಪ ಒಂದು ಸಲ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ಪಾರ್ಕಿನಲ್ಲಿ ನಾನು ಬಾಯಿ ತೆರೆಯೋ ಮೊದಲೇ ಅಪ್ಪ ಬೋರ್ಡಿಗೆ ಫೋನ್ ಹಿಡಿದರು. 'ಮರಳು ಕುಸಿಯಬಹುದು, ಎಚ್ಚರ' ಅಂತ ಅದು ಕನ್ನಡದಲ್ಲಿ ತೋರಿಸಿತು. ನಾನೂ ಅದನ್ನೇ ಹೇಳ್ತಿದ್ದೆ, ದೇವರಾಣೆ.